ಕಂಪನಿ ಬಣ್ಣ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಊರಿನ ಹೆಂಗಸರಿಗೆ ಕಾರು ಕಲಿಸುವ ಡ್ರೈವಿಂಗ್ ಅಕ್ಕನ ಪಾಲಿಗೆ ಅಂಥ ಮುದ್ದಿನ ಹೆಗ್ಗಣ ಎಂದರೆ ಅಪ್ಪ ಬಿಟ್ಟುಹೋದ ಹಳೇ ಕಾರು. ಬೂದುಹಸಿರು ಬಣ್ಣ, ಬಾನೆಟ್ಟಿನ ಮೇಲೆ ಅದೂ ತೆಳುವಾಗಿ ಒಳಗಿನ ಕೆಂಪು ಪ್ರೈಮರ್ ಇಣುಕುತ್ತಿತ್ತು. ಬಂಪರಿನ ಹೊಳಪಿನ ತುಂಬ ತುಕ್ಕಿನ ಚುಕ್ಕಿ. ಹಿಂದಿನ ಸೀಟಿನ ಹೊಲಿಗೆ ಬಿಚ್ಚಿಕೊಂಡು ನಾರು ಹೊರಗೆ ಬಂದಿತ್ತು. ಸ್ಟಿಯರಿಂಗಿನ ಮೇಲೆ ಅಪ್ಪ ಕೈ ಇಡುತ್ತಿದ್ದ ಎರಡು ಜಾಗ ಮಾತ್ರ ಸವೆದು ನುಣ್ಣಗಾಗಿದ್ದವು. ಅಕ್ಕ ಕಾರನ್ನು ಬೆಳಗಿನಿಂದ ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಿದ್ದಳು.

"ನನ್ನ ಮುಖ ಒಂದು ದಿನವಾದ್ರೂ ಹೀಗೆ ಒರೆಸಿದ್ದೀಯಾ?" ಎಂದ ಗಂಡ, ಮಡಚುವ ಕುರ್ಚಿಯಲ್ಲಿ ಕೂತು.

"ನಿಮ್ಮದೆಲ್ಲಿ ಕಂಪನಿ ಬಣ್ಣ? ತಿಂಗಳಿಗೊಂದು ಸಲ ಮೀಸೆಗೆ ಬಳ್ಕೋತೀರಲ್ಲ."

ಪಕ್ಕದ ಕಾರಿನವರೂ ನಕ್ಕರು. ಗಂಡ ಮೀಸೆ ಮುಟ್ಟಿನೋಡಿಕೊಂಡ.

ಅದು ಹಳೇ ಕಾರುಗಳ ಸ್ಪರ್ಧೆ, ಮೈದಾನದ ತುಂಬ ಕಾರುಗಳು. ಆಚೆ ಸಾಲಿನಲ್ಲಿ ಹೊಸದಾಗಿ ತಗಡು ತಟ್ಟಿಸಿ, ಬಣ್ಣ ಹೊಡೆಸಿ, ಸೀಟು ಬದಲಾಯಿಸಿ ನಿಲ್ಲಿಸಿದಂಥವು; ಬೆಳಗಿಟ್ಟ ಪಾತ್ರೆಗಳ ಹಾಗೆ ಥಳಥಳ. ಈಚೆ ಸಾಲು ಯಾರೂ ಕೈ ಹಚ್ಚದ ಕಾರುಗಳದು. ಇಲ್ಲಿ ಸವೆದಿದ್ದರೆ ತಪ್ಪಿಲ್ಲ, ಹರಿದಿದ್ದರೆ ತಪ್ಪಿಲ್ಲ. ರಿಪೇರಿ ಮಾಡಿಸಿದ್ದರೆ ಮಾತ್ರ ತಪ್ಪು. ಅಕ್ಕ ತನ್ನ ಕಾರಿನ ಮುಂದೆ ಅಪ್ಪನ ಫೋಟೊ ಇಟ್ಟು, ಕೆಳಗೊಂದು ಹಲಗೆ ನಿಲ್ಲಿಸಿದ್ದಳು. ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ, ಒಂದು ಹನಿ ಬಣ್ಣವೂ ಮೇಲೆ ಬಿದ್ದಿಲ್ಲ ಎಂದು ಅದರಲ್ಲಿ ಬರೆದಿತ್ತು. ಗೆದ್ದ ಕಾರಿನ ಜೊತೆ ಅದನ್ನು ಕಾಪಾಡಿದವರ ಹೆಸರನ್ನೂ ವೇದಿಕೆಯ ಮೇಲೆ ಓದುತ್ತಾರೆ. ಅಪ್ಪನ ಹೆಸರನ್ನು ಯಾರೂ ಎಲ್ಲೂ ಮೈಕಿನಲ್ಲಿ ಓದಿರಲಿಲ್ಲ. ಒಂದು ಸಲ ಕೇಳಿದರೆ ಸಾಕು ಎಂದು ಅವಳ ಆಸೆ.

ಅಪ್ಪ ಗ್ಯಾರೇಜಿನಲ್ಲಿ ಪೇಂಟರ್ ಮೇಸ್ತ್ರಿ. ನಜ್ಜುಗುಜ್ಜಾದ ಕಾರುಗಳು ಅವನ ಕೈಗೆ ಬಂದು, ಹೋಗುವಾಗ ಪೆಟ್ಟು ಎಲ್ಲಿ ಬಿದ್ದಿತ್ತೆಂದು ಓಡಿಸಿದವನಿಗೇ ತಿಳಿಯದಂತೆ ಹೋಗುತ್ತಿದ್ದವು. ಬಿಸಿಲಿಗೆ ಮಾಸಿದ ಬಣ್ಣವನ್ನು ಮಾಸಿದಂತೆಯೇ ಬೆರೆಸುವುದರಲ್ಲಿ ಅವನದು ಎತ್ತಿದ ಕೈ. ಅಂಥವನು ತನ್ನ ಕಾರಿಗೆ ಮಾತ್ರ ಬ್ರಷ್ ತಾಗಿಸಲಿಲ್ಲ. ಬಂದವರಿಗೆಲ್ಲ, "ಕಂಪನಿ ಬಣ್ಣ ಕಣ್ರೀ, ಇದು ನನ್ನ ಕೈಗೂ ಬರಲ್ಲ," ಎನ್ನುತ್ತಿದ್ದ. ಕೊನೆಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಗಳ ಕೈ ಹಿಡಿದು ಕೇಳಿದ್ದೂ ಅದನ್ನೇ: "ಯಾರಿಗೂ ಬಣ್ಣ ಕೆರೆಯೋಕೆ ಬಿಡಬೇಡ, ಮಗಳೇ." ಮನೆ ಬಗ್ಗೆ ಹೇಳಲಿಲ್ಲ, ಮಗನ ಬಗ್ಗೆ ಹೇಳಲಿಲ್ಲ. ಅಕ್ಕ ಮಾತು ಕೊಟ್ಟಳು, ಉಳಿಸಿಕೊಂಡಳು.

ಅಪ್ಪನಿಗೆ ಇನ್ನೊಂದು ಶಿಸ್ತಿತ್ತು. ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಇಳಿದು, ಹಿಂದೆ ಹೋಗಿ, ಬಂಪರಿನ ಕೆಳಗೂ ಬಗ್ಗಿ ನೋಡಿಯೇ ಮತ್ತೆ ಹತ್ತುತ್ತಿದ್ದ. ಮಳೆ ಸುರಿಯುತ್ತಿದ್ದರೂ ಅಷ್ಟೇ, ನರಪಿಳ್ಳೆ ಇಲ್ಲದ ಬಯಲಾದರೂ ಅಷ್ಟೇ. "ಏನು, ನಿಧಿ ಹೂತಿಟ್ಟಿದ್ದೀರಾ ಅಲ್ಲಿ?" ಎಂದು ಅಮ್ಮ ಇದ್ದಷ್ಟು ದಿನ ಕೆಣಕುತ್ತಿದ್ದಳು. ಅಕ್ಕ ಅದನ್ನೇ ತನ್ನ ಡ್ರೈವಿಂಗ್ ಶಾಲೆಯ ಮೊದಲ ಪಾಠ ಮಾಡಿಕೊಂಡಳು. ಕಲಿಯಲು ಬಂದ ಹೆಂಗಸರು ಎಷ್ಟೇ ಗೊಣಗಲಿ, ಇಳಿದು ನೋಡದೆ ರಿವರ್ಸ್ ಗೇರ್ ಮುಟ್ಟುವ ಹಾಗಿಲ್ಲ. ಇದು ನಮ್ಮಪ್ಪನ ಪಾಠ ಎಂದು ಹೇಳಿಕೊಳ್ಳುವಾಗ ಅವಳ ಕತ್ತು ನೆಟ್ಟಗಾಗುತ್ತಿತ್ತು.

ಅವಳಿಗೆ ಒಬ್ಬನೇ ತಮ್ಮ. ಟೈಲರ್. ಎಡಗಾಲು ಗಿಡ್ಡ, ನಡೆದರೆ ಭುಜ ಒಂದು ಕಡೆಗೆ ವಾಲುತ್ತದೆ. ಆರು ವರ್ಷದವನಾಗಿದ್ದಾಗ ಕಾಲು ಮುರಿದದ್ದು. ಅಮ್ಮ ಪೇಟೆಗೆ, ಅಕ್ಕ ಶಾಲೆಗೆ ಹೋಗಿದ್ದರು. ಕಾಂಪೌಂಡ್ ಗೋಡೆ ಹತ್ತಿ ಬಿದ್ದ ಎಂದು ಅಪ್ಪ ಹೇಳಿದ. ಡಾಕ್ಟರಿಗೂ ಅದನ್ನೇ ಹೇಳಿದ. ಹುಡುಗ ಮಾತ್ರ, "ಗೋಡೆಯಲ್ಲ, ಅಪ್ಪನ ಕಾರು ಹಿಂದೆ ಬಂತು, ಗೇಟಿನ ಕಂಬಕ್ಕೆ ನನ್ನ ಒತ್ತಿಬಿಡ್ತು," ಎಂದು ಕಂಡಕಂಡವರಿಗೆ ಹೇಳಿದ. ಆಸ್ಪತ್ರೆಯಿಂದ ಬಂದ ದಿನ ಅಕ್ಕ ಅವನನ್ನು ಪ್ಲಾಸ್ಟರ್ ಸಮೇತ ಎತ್ತಿಕೊಂಡು ಶೆಡ್ಡಿಗೆ ಹೋದಳು. ಅವಳಿಗಾಗ ಹತ್ತು ವರ್ಷ.

"ತೋರ್ಸು. ಎಲ್ಲಿ ಗುದ್ದಿದೆ?"

ಹುಡುಗ ಹಿಂದಿನ ಎಡ ಮೂಲೆ ತೋರಿಸಿದ. ಅಲ್ಲಿ ಒಂದು ಗೀರಿಲ್ಲ. ಅವನೇ ಬೆಪ್ಪಾಗಿ ಅಂಗೈಯಿಂದ ಸವರಿ ಸವರಿ ನೋಡಿದ. "ಬೊಗಳೆ!" ಎಂದು ನಕ್ಕಳು ಅಕ್ಕ. ಅಂದಿನಿಂದ ಅವನ ಹೆಸರು ಬೊಗಳೆ. ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ, ಕೊನೆಗೆ ಅಂಗಡಿಯವರೆಗೂ ಆ ಹೆಸರು ಅವನ ಕುಂಟುಗಾಲಿನ ಹಿಂದೆಯೇ ಹೋಯಿತು. ನಾಳೆ ಕೊಡುತ್ತೇನೆಂದು ನಾಳೆಯೇ ಬಟ್ಟೆ ಕೊಡುವ ಟೈಲರ್ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವನೊಬ್ಬನೇ. ಜನ ಕರೆಯುವುದು ಮಾತ್ರ ಬೊಗಳೆ ಟೈಲರ್.

ಅಪ್ಪ ತೀರಿಕೊಂಡ ವಾರ ಕಾರಿನ ಮಾತು ಬಂತು. "ನನಗೆ ಬೇಡ. ನನ್ನ ಕಾಲು ತಿಂದ ಗಾಡಿ ಅದು," ಎಂದ ತಮ್ಮ. ಅಕ್ಕನಿಗೆ ಮೈಯೆಲ್ಲ ಉರಿಯಿತು. "ಸತ್ತವರ ಮೇಲೂ ಬೊಗಳೆ ಬಿಡ್ತೀಯಾ? ಎದ್ದು ಹೋಗು ಇಲ್ಲಿಂದ," ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಎದ್ದು ಹೋದ. ಐದು ವರ್ಷವಾಯಿತು, ಒಂದೇ ಊರಿನಲ್ಲಿದ್ದು ಮುಖ ನೋಡಿಲ್ಲ.

ಮಧ್ಯಾಹ್ನ ತೀರ್ಪುಗಾರರು ಬಂದರು. ವಯಸ್ಸಾದವರು, ಕನ್ನಡಕ ದಾರದಲ್ಲಿ ಕತ್ತಿಗೆ ಜೋತುಬಿದ್ದಿತ್ತು. ಜೊತೆಗೆ ನೋಡುವ ಜನ. ಅವರು ಹಲಗೆ ಓದಿದರು, ಫೋಟೊ ನೋಡಿದರು, ಮೇಸ್ತ್ರಿಯ ಕೆಲಸದ ಬಗ್ಗೆ ಕೇಳಿದರು. ಅಕ್ಕ ಹೇಳಿದಳು. ಇಳಿದು ನೋಡುವ ಶಿಸ್ತಿನ ಬಗ್ಗೆಯೂ ಹೇಳಿದಳು. ಸುತ್ತಲಿನವರು ತಲೆದೂಗಿದರು. ತೀರ್ಪುಗಾರರು ಜೇಬಿನಿಂದ ಮೆತ್ತನೆ ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತ ತೆಗೆದರು.

"ಕಣ್ಣಿಗೆ ಮೋಸ ಆಗುತ್ತಮ್ಮ, ಇದಕ್ಕೆ ಆಗಲ್ಲ. ಬರೀ ತಗಡು ಇದ್ರೆ ಹಿಡಿಯುತ್ತೆ. ತಗ್ಗು ಮುಚ್ಚೋಕೆ ಪುಟ್ಟಿ ತುಂಬಿದ್ರೆ ಬಿಟ್ಟುಬಿಡುತ್ತೆ."

ಬಾನೆಟ್ಟಿಗೆ ಇಟ್ಟರು, ಟಕ್. ಮುಂದಿನ ಬಾಗಿಲು, ಟಕ್. ಹಿಂದಿನ ಬಾಗಿಲು, ಡಿಕ್ಕಿಯ ಮುಚ್ಚಳ, ಟಕ್, ಟಕ್. ಪ್ರತಿ ಟಕ್ಕಿಗೂ ಅಕ್ಕನ ಎದೆ ಒಂದಿಷ್ಟು ಉಬ್ಬಿತು. ಹಿಂದಿನ ಎಡ ಮೂಲೆಗೆ ಇಟ್ಟರು. ಅಯಸ್ಕಾಂತ ಸದ್ದಿಲ್ಲದೆ ಜಾರಿ ಅವರ ಅಂಗೈಗೆ ಬಿತ್ತು. ಮತ್ತೆ ಇಟ್ಟರು. ಮತ್ತೆ ಜಾರಿತು. ಸುತ್ತ ಸರಿಸಿ ಸರಿಸಿ ನೋಡಿದರು. ಒಂದು ತಟ್ಟೆಯಗಲ ಜಾಗದಲ್ಲಿ ಅದು ನಿಲ್ಲಲೇ ಇಲ್ಲ.

"ಅಬ್ಬಾ, ಎಂಥಾ ಕೈ!" ಎಂದರು ಅವರು ಬಗ್ಗಿ ಕಣ್ಣಿಟ್ಟು. "ಇಷ್ಟು ವರ್ಷ ಈ ಕೆಲಸ ಮಾಡಿದ್ದೀನಿ, ಕಣ್ಣಿಗೆ ಗೊತ್ತೇ ಆಗಲ್ಲವಲ್ಲಮ್ಮ. ಹಳೇ ಕಾಲದ ಪುಟ್ಟಿ. ಯಾರು ಮಾಡಿದ್ದು?"

ಅಕ್ಕ ಬಗ್ಗಿ ನೋಡಿದಳು. ಅಂಥ ಕೈ ಊರಿಗೆಲ್ಲ ಒಂದೇ ಇತ್ತು. ಆ ಮೂಲೆಯನ್ನೂ ಅವಳಿಗೆ ಒಮ್ಮೆ ಒಬ್ಬ ತೋರಿಸಿದ್ದ, ಪ್ಲಾಸ್ಟರ್ ಹಾಕಿದ ಕಾಲು ಇಳಿಬಿಟ್ಟು, ಅವಳ ಸೊಂಟದ ಮೇಲೆ ಕೂತು. ಅಮ್ಮ ಮಗನ ಜೊತೆ ಆಸ್ಪತ್ರೆಯಲ್ಲಿದ್ದ ಆ ವಾರ ಅಪ್ಪ ಕಾರನ್ನು ಗ್ಯಾರೇಜಿಗೆ ಒಯ್ದಿದ್ದ. ಎಣ್ಣೆ ಬದಲಾಯಿಸಲು ಎಂದಿದ್ದ.

ಆಮೇಲೆ ಉಳಿದದ್ದೆಲ್ಲ ತಾನೇ ಬಂದು ಕೂತಿತು. ಮಳೆಯಲ್ಲೂ ಇಳಿದು ಬಂಪರಿನ ಕೆಳಗೆ ಬಗ್ಗಿ ನೋಡುತ್ತಿದ್ದ ಅಪ್ಪ. ಅದು ಶಿಸ್ತಾಗಿರಲಿಲ್ಲ, ಭಯ. ಆ ಭಯವನ್ನು ಅವಳು ಊರಿನ ಹೆಂಗಸರಿಗೆಲ್ಲ ಪಾಠ ಮಾಡಿದ್ದಳು. ಯಾರಿಗೂ ಕೆರೆಯಲು ಬಿಡಬೇಡ ಎಂದದ್ದು ಕಂಪನಿ ಬಣ್ಣದ ಮೇಲಿನ ಮಮತೆಯಿಂದಲ್ಲ. ಕೆರೆದರೆ ಕೆಳಗಿನದು ಕಾಣುತ್ತಿತ್ತು. ಇಷ್ಟು ವರ್ಷ ಈ ಕಾರು ಯಾರೂ ಮುಟ್ಟದ ಹಾಗೆ ಉಳಿದದ್ದೇ ಅದಕ್ಕೆ. ಮಗನನ್ನು ಬೀದಿಯೆಲ್ಲ ಬೊಗಳೆ ಎಂದು ಕೂಗುವಾಗ ಅಪ್ಪ ಅದೇ ಜಗಲಿಯ ಮೇಲೆ ಕೂತು ಕೇಳುತ್ತಿದ್ದ, ಒಂದು ಮಾತು ಆಡಲಿಲ್ಲ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೆ ಹೇಸಿಗೆಯಾಯಿತು, ಯಾಕೆಂದರೆ ಹೆಸರಿಟ್ಟವಳು ಅವಳು.

ತೀರ್ಪುಗಾರರು ಅವಳ ಮುಖ ನೋಡಿ ದನಿ ತಗ್ಗಿಸಿದರು. "ಗಾಬರಿ ಆಗಬೇಡಿ. ಸಣ್ಣ ಜಾಗ, ಹಳೇ ಕೆಲಸ. ಯಾವಾಗ, ಹೇಗೆ ಆಯ್ತು ಗೊತ್ತಿಲ್ಲ ಅಂದ್ರೆ ಹಾಗೇ ಬರ್ಕೋತೀನಿ. ಒಂದೆರಡು ಅಂಕ ಹೋಗುತ್ತೆ. ಈ ಸಾಲಿನಲ್ಲಿ ನಿಮ್ಮದನ್ನ ಮೀರಿಸೋ ಗಾಡಿ ನನಗೆ ಕಾಣ್ತಿಲ್ಲ."

"ಗೊತ್ತಿಲ್ಲ ಅನ್ನು," ಎಂದು ಗಂಡ ಕಿವಿಯಲ್ಲಿ ಉಸುರಿದ. "ಮಾವನವರ ಹೆಸರು ಓದ್ತಾರೆ ಕಣೇ. ಅದಕ್ಕೇ ಅಲ್ವಾ ಬಂದಿದ್ದು?"

ಫೋಟೊದಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಅವಳಿಗೆ ಅವನ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆಯಾಗಿರಲಿಲ್ಲ, ಕಷ್ಟವಾದದ್ದೇ ಅದು. ಗೊತ್ತಿಲ್ಲ ಎನ್ನುವುದು ಒಂದೇ ಮಾತು. ಅಪ್ಪನೂ ಆ ದಿನ ಹೀಗೆಯೇ ಒಂದೇ ಮಾತಿನಿಂದ ಶುರುಮಾಡಿರಬೇಕು.

"ಗೊತ್ತಿದೆ," ಎಂದಳು. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದಳು. "ನಮ್ಮಪ್ಪ ಹಿಂದೆ ನೋಡದೆ ಗಾಡಿ ತೆಗೆದ್ರು. ನನ್ನ ತಮ್ಮ ಆಗ ಮಗು, ಹಿಂದೆ ನಿಂತಿದ್ದ. ಗೇಟಿನ ಕಂಬಕ್ಕೂ ಗಾಡಿಗೂ ನಡುವೆ ಅವನ ಕಾಲು ಸಿಕ್ಕಿ ಮುರೀತು. ಅಪ್ಪ ಗಾಡಿ ಸರಿ ಮಾಡಿದ್ರು, ಯಾರಿಗೂ ಹೇಳಲಿಲ್ಲ. ತಮ್ಮ ಹೇಳಿದ. ನಾವು ಅವನನ್ನ ಸುಳ್ಳುಗಾರ ಅಂದ್ವಿ. ಹಾಗೇ ಬರ್ಕೊಳ್ಳಿ."

ತಲೆದೂಗಿದ್ದವರು ಈಗ ಫೋಟೊದತ್ತ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. ಅವಳು ಫೋಟೊ ಎತ್ತಿ ಮುಂದಿನ ಸೀಟಿನ ಮೇಲೆ ಇಟ್ಟಳು, ಹಲಗೆಯನ್ನು ಬೋರಲು ಹಾಕಿದಳು. ಆಮೇಲೆ ಆ ಅಯಸ್ಕಾಂತ ಒಂದು ದಿನದ ಮಟ್ಟಿಗೆ ಸಿಗಬಹುದೇ ಎಂದು ಕೇಳಿದಳು. ತೀರ್ಪುಗಾರರು ಅವಳ ಕೈಯಲ್ಲಿಟ್ಟು, "ಇಟ್ಕೊಳ್ಳಮ್ಮ, ನನ್ನ ಹತ್ರ ಇನ್ನೊಂದಿದೆ," ಎಂದರು.

ಬಹುಮಾನ ಯಾರಿಗೆ ಬಂತೆಂದು ಕೇಳಲು ಅವಳು ನಿಲ್ಲಲಿಲ್ಲ. ಗಂಡನನ್ನು ಮನೆಯ ಹತ್ತಿರ ಇಳಿಸಿ, ಸಂಜೆ ಬಿಸಿಲು ಇನ್ನೂ ಇರುವಾಗಲೇ ತಮ್ಮನ ಅಂಗಡಿಯ ಗಲ್ಲಿಗೆ ಕಾರು ನುಗ್ಗಿಸಿದಳು. ಕಿರಿದಾದ ಗಲ್ಲಿ, ಕೊನೆಯಲ್ಲಿ ಗೋಡೆ. ಒಳಗೆ ಹೋದ ಗಾಡಿ ಹಿಂದಕ್ಕೇ ಬರಬೇಕು. ಎಂಜಿನ್ ಸದ್ದು ಕೇಳಿಯೇ ತಮ್ಮನಿಗೆ ಗೊತ್ತಾಗಿರಬೇಕು. ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಬಾಗಿಲಿಗೆ ಬಂದು ನಿಂತ. ಕೂದಲು ಬೆಳ್ಳಗಾಗಿತ್ತು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಅಕ್ಕ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಬಿಟ್ಟು ಅವನ ಕೈಗೆ ಅಯಸ್ಕಾಂತ ಕೊಟ್ಟು ಕಾರಿನ ಹಿಂದಕ್ಕೆ ಕರೆದುಕೊಂಡು ಹೋದಳು.

"ಇಟ್ಟು ನೋಡು."

ಡಿಕ್ಕಿಯ ಮೇಲೆ ಇಟ್ಟ, ಟಕ್ಕೆಂದು ಹಿಡಿಯಿತು. ಮೂಲೆಗೆ ಸರಿಸಿದ, ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಬಟ್ಟೆಯ ಬೆಲೆ ಬೆರಳಲ್ಲೇ ಹೇಳುವವನು, ಆರು ವರ್ಷದ ಹುಡುಗನ ಹಾಗೆ ಅಂಗೈಯಿಂದ ಸವರಿ ಸವರಿ ನೋಡಿದ.

"ಒಳಗೆ ಪುಟ್ಟಿ ಇದೆ," ಎಂದಳು. "ಅಪ್ಪ ತುಂಬಿದ್ದು. ಇವತ್ತು ಗೊತ್ತಾಯ್ತು. ಎಲ್ಲರ ಮುಂದೆ ಹೇಳಿಬಂದೆ."

ಅವನು ಅಯಸ್ಕಾಂತವನ್ನು ಇನ್ನೊಮ್ಮೆ ಇಟ್ಟುನೋಡಿದ. ಬೈಯುತ್ತಾನೆ ಎಂದುಕೊಂಡಳು, ಬೈದರೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕ," ಎಂದ. "ಹಾಗಾದ್ರೆ ನಾನು ಗೋಡೆಯಿಂದ ಬಿದ್ದಿರಲಿಲ್ಲ, ಅಲ್ವಾ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ನೀವೆಲ್ಲ ಒಂದೇ ಸಮ ಹೇಳಿ ಹೇಳಿ ನನಗೇ ಅನುಮಾನ ಬಂದುಬಿಟ್ಟಿತ್ತು. ನೀನು ಅವತ್ತು ಎದ್ದು ಹೋಗು ಅಂದ ಮೇಲೆ ಕೂತು ಯೋಚಿಸಿದೆ. ಅಪ್ಪ ಯಾಕೆ ಸುಳ್ಳು ಹೇಳ್ತಾರೆ, ನಾನೇ ಕನಸು ಕಂಡಿರಬೇಕು ಅನ್ನಿಸ್ತು. ಮೊಮ್ಮಗಳು ಕಾಲಿಗೇನಾಯ್ತು ತಾತ ಅಂದಾಗ, ಗೋಡೆಯಿಂದ ಬಿದ್ದೆ ಕಂದಾ ಅಂದೆ. ನಾನು ಹೇಳಿದ ಸುಳ್ಳು ಅದೊಂದೇ ನೋಡು."

ಅಕ್ಕ ಡಿಕ್ಕಿಯ ಮೇಲೆ ತಲೆಯಿಟ್ಟು ಅತ್ತಳು. ಅವನು ಅವಳ ಬೆನ್ನ ಮೇಲೆ ಕೈ ಇಡಲಿಲ್ಲ, ಹೊಟ್ಟೆಯಲ್ಲಿ ಹಾಕಿಕೊಂಡೆ ಎನ್ನಲೂ ಇಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟು, ಕುಡಿದು ಮುಗಿಸುವ ತನಕ ನಿಂತಿದ್ದ.

"ಕತ್ತಲಾಗುತ್ತೆ. ಗಲ್ಲಿ ಬೇರೆ ಇಕ್ಕಟ್ಟು," ಎಂದ.

ಅವಳು ಹತ್ತಿ ಕೂತು ಎಂಜಿನ್ ಶುರುಮಾಡಿದಳು. ರಿವರ್ಸಿಗೆ ಹಾಕುವ ಮುನ್ನ ಎಂದಿನಂತೆ ಇಳಿದು ನೋಡಲು ಬಾಗಿಲು ತೆರೆದಳು.

"ಇಳೀಬೇಡ," ಎಂದು ಹಿಂದಿನಿಂದ ದನಿ ಬಂತು. "ನಾನಿದ್ದೀನಲ್ಲ. ನಾನು ನೋಡಿ ಹೇಳ್ತೀನಿ."

ಕನ್ನಡಿಯಲ್ಲಿ ಅವನು ಕಂಡ. ಎಡ ಮೂಲೆಯ ಪಕ್ಕದಲ್ಲೇ, ಗಿಡ್ಡ ಕಾಲು ಊರಿಕೊಂಡು, ಒಂದು ಕೈ ಕಾರಿನ ಮೇಲಿಟ್ಟು ನಿಂತಿದ್ದ. ಅವಳು ತೆರೆದ ಬಾಗಿಲು ಹಿಡಿದೇ ಕೇಳಿದಳು.

"ಸರಿಯಾಗಿ ಕಾಣ್ತಿದೆಯೇನೋ, ತಮ್ಮಾ?"

"ಕಾಣ್ತಿದೆ, ಬಾ."

ಅವಳು ಬಾಗಿಲು ಹಾಕಿಕೊಂಡಳು. ಜೀವನದಲ್ಲಿ ಮೊದಲ ಸಲ ಇಳಿದು ನೋಡದೆ, ಅವನು ಹೇಳಿದ್ದನ್ನು ನಂಬಿ, ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು.