ತೀರಿಹೋದವರು ಕೇಳಿದ ಆರು ಅಂಕಿ

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ತೀರಿಹೋದವರು ಮನೆಗೆ ಬಂದು ಉಂಡು ಹೋಗುತ್ತಾರೆ ಎಂಬುದು ಕಾರ್ಕಳದ ಗುಣವತಿಯ ನಂಬಿಕೆ. ಆ ಮುಸ್ಸಂಜೆ ಗಂಡ ಶೇಖರನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಜಗಲಿಗೆ ಬಂದು ಕುಳಿತಳು. ಅವನು ಹೋಗಿ ವರ್ಷ ಕಳೆದಿತ್ತು.

ಆಗ ಫೋನ್ ಟಿಂಗ್ ಎಂದಿತು. ವಾಟ್ಸಾಪಿನಲ್ಲಿ ಶೇಖರನ ಹೆಸರು, ಅವನದೇ ಫೋಟೋ.

‘ಹೇಗಿದ್ದೀಯಾ? ನಿನ್ನ ಫೋನಿಗೆ ಆರು ಅಂಕಿ ಬಂದಿರುತ್ತದೆ. ಕಳಿಸು. ಯಾರಿಗೂ ಹೇಳಬೇಡ.’

ಗುಣವತಿಯ ಮೈ ಜುಮ್ಮೆಂದಿತು. ಮುಚ್ಚಿದ ಬಾಗಿಲಿನತ್ತ ನೋಡಿದಳು. ಒಳಗೆ ಸದ್ದಿಲ್ಲ. ಫೋನಿಗೆ ಆರು ಅಂಕಿ ನಿಜವಾಗಿಯೂ ಬಂದಿತ್ತು! ಹೆದರಿಕೆಯೋ ಆಸೆಯೋ, ಒಂದೊಂದಾಗಿ ಐದು ಅಂಕಿ ಒತ್ತಿದಳು.

“ಎಂತ ಗುಣಕ್ಕ, ಮುಖ ಬಿಳಿಚಿಕೊಂಡಿದೆ?” ಪಕ್ಕದ ಮನೆಯ ಚೈತಾಲಿ ಅಂಗಳದಲ್ಲಿ ನಿಂತಿದ್ದಳು. ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಅವಳಿಗೆ ಕೆಲಸ.

“ಅವರು ಬಂದಿದ್ದಾರೆ ಮಾರಾಯ್ತಿ. ನೋಡು.”

ಚೈತಾಲಿ ಓದಿದಳು. “ಕಳಿಸಬೇಡಿ! ಶೇಖರಣ್ಣನ ಸಿಮ್ಮಿಗೆ ರೀಚಾರ್ಜ್ ಮಾಡ್ತಿದ್ದೀರಾ?”

“ಇಲ್ಲ. ಇನ್ನು ಎಂತಕ್ಕೆ?”

“ಬಿಟ್ಟ ನಂಬರ್ ಬೇರೆಯವರಿಗೆ ಸಿಗ್ತದೆ. ನಿಮ್ಮ ಫೋನಿನಲ್ಲಿ ಮಾತ್ರ ಹಳೇ ಹೆಸರೇ ತೋರಿಸ್ತದೆ. ಫೋಟೋ, ನಿಮ್ಮ ಹೆಸರು, ನಂಬರ್ ಎಲ್ಲ ಶ್ರದ್ಧಾಂಜಲಿ ಪೋಸ್ಟಿನಲ್ಲೇ ಉಂಟಲ್ವಾ? ಈ ಆರು ಅಂಕಿಯ ಒಟಿಪಿ ನಿಮ್ಮ ವಾಟ್ಸಾಪಿನ ಬೀಗದ ಕೈ. ಇವತ್ತು ಶೇಖರಣ್ಣ ಆದವನು ನಾಳೆ ನೀವೇ ಆಗ್ತಾನೆ. ಮಣಿಪಾಲದಲ್ಲಿರುವ ನಿಮ್ಮ ಮಗಳು ಶ್ರೇಯಾಳಿಗೆ ನಿಮ್ಮ ಹೆಸರಲ್ಲೇ ಮೋಸ ಮಾಡ್ತಾನೆ. ಅಮ್ಮ ದುಡ್ಡು ಕೇಳಿದರೆ ಅವಳು ಇಲ್ಲ ಅಂತಾಳಾ?”

“ಆದರೆ ಆಟಿಯಲ್ಲೇ, ಈ ಹೊತ್ತಿಗೇ…”

“ಹಾಗಾದರೆ ಒಂದು ಕೇಳಿ. ನಿಮ್ಮನ್ನು ಎಂತ ಹೇಳಿ ಕರೀತಿದ್ರು ಅಂತ.”

ಗುಣವತಿ ಒತ್ತಿದ್ದ ಐದೂ ಅಂಕಿ ಅಳಿಸಿ, ಹಾಗೆಯೇ ಬರೆದು ಕೇಳಿದಳು. ಪರದೆಯಲ್ಲಿ ‘ಟೈಪಿಂಗ್’ ಎಂದು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಒಂದೇ ಪದ: ‘ಗುಣವತಿ’.

ಮೂವತ್ತು ವರ್ಷದಲ್ಲಿ ಶೇಖರ ಒಮ್ಮೆಯೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ತುಳುವಿನಲ್ಲಿ “ಕೇಣುಂಡಾ?” ಎನ್ನುತ್ತಿದ್ದ, ಕೇಳ್ತದಾ ಎಂದು. ಅವಳ ಹೆಸರು ಅಷ್ಟೇ ಆಗಿತ್ತು.

“ಇದು ಅವರಲ್ಲ,” ಎಂದು ಗುಣವತಿ ಅತ್ತೇಬಿಟ್ಟಳು. ಗಂಡನ ಮುಖ ಹಾಕಿಕೊಂಡು ಬಂದವನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆರು ಅಂಕಿಯ ಆ ಮೆಸೇಜನ್ನೇ ಅಳಿಸಿದಳು. ಕೂಡಲೇ ಮಗಳಿಗೆ ಕರೆ ಮಾಡಿದಳು: “ಅಪ್ಪನ ಹೆಸರಲ್ಲಿ ಯಾರು ಬಂದರೂ ಉತ್ತರ ಕೊಡಬೇಡ ಮಗಾ.” ಚೈತಾಲಿ ಆ ನಂಬರ್ ಬ್ಲಾಕ್ ಮಾಡಿ, ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿಸಿ, ಸೈಬರ್ ಸಹಾಯವಾಣಿ 1930ಕ್ಕೆ ದೂರು ಹೇಳಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿಗೆ ಬಂದ ಅಂಕಿ ನಿಮಗೆ ಮಾತ್ರ. ಬ್ಯಾಂಕಿನವರು ಎಂದರೂ, ಮಗ ಎಂದರೂ, ತೀರಿಹೋದವರೇ ಬಂದೆವೆಂದರೂ ಕೊಡಬೇಡಿ. ಹೋದವರಿಗೆ ನಮ್ಮ ಒಟಿಪಿ ಬೇಕಾಗಿಲ್ಲ. ಅದು ಬೇಕಾಗಿರುವುದು ಬದುಕಿರುವ ಕಳ್ಳನಿಗೆ.