ಸಾಧು ಹತ್ತಿ ತೋರಿಸಿದ್ದು

ಕಂದು ಕುದುರೆಯ ಎಡಗಣ್ಣಿನಿಂದ ಮೂರು ದಿನದಿಂದ ಕೀವು ಸೋರುತ್ತಿತ್ತು. ಇವತ್ತು ಹನ್ನೆರಡು ಗಂಟೆಯೊಳಗೆ ಆಸ್ಪತ್ರೆಗೆ ತಂದರೆ ಕಣ್ಣು ಉಳಿಸಬಹುದು, ತಡವಾದರೆ ತೆಗೆಯುವುದೇ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಕುದುರೆ ಹುಟ್ಟಿದಾಗಿನಿಂದ ಲಾರಿ ಹತ್ತಿರಲಿಲ್ಲ. ಹತ್ತಲು ಇಳಿಬಿಟ್ಟ ಹಲಗೆಯ ಮೇಲೆ ಒಂದು ಗೊರಸು ಇಡುತ್ತಿತ್ತು, ಸದ್ದಿಗೆ ಬೆಚ್ಚಿ ಹಿಂದಕ್ಕೆ ಜಗ್ಗುತ್ತಿತ್ತು.

ತರಬೇತುದಾರ ಸಾಧು ಎಂಬ ಕುದುರೆಯನ್ನು ಕರೆತಂದ. ಲಾಯದಲ್ಲೇ ಅದರಷ್ಟು ಹೇಳಿದ ಮಾತು ಕೇಳುವ ಕುದುರೆ ಇನ್ನೊಂದಿಲ್ಲ. ಹತ್ತು ಎಂದರೆ ಹತ್ತಿತು, ಇಳಿ ಎಂದರೆ ಇಳಿಯಿತು. ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ ಎಂದು ಅವನು ಓದಿದ್ದ. ಸುಳ್ಳೇನಲ್ಲ. ಆದರೆ ಕಂದು ಕುದುರೆ ಸಾಧುವಿನ ಕಡೆ ಕಿವಿಯನ್ನೂ ತಿರುಗಿಸಲಿಲ್ಲ.

“ಇದು ಅದನ್ನ ಲೆಕ್ಕಕ್ಕೇ ಇಟ್ಟಿಲ್ಲ,” ಎಂದಳು ಅವನ ಅತ್ತಿಗೆ. ಆರು ವರ್ಷದಿಂದ ಲದ್ದಿ ಎತ್ತಿ, ನೀರು ಮೇವು ಕೊಡುವವಳು. “ತೊಟ್ಟಿ ಹತ್ರ ಎಲ್ಲವೂ ಕುಡಿದಾದ ಮೇಲೆ ಸಾಧು ಸರದಿ. ಮುದುಕೀನ ತಾ. ಅವಳು ಬಂದ್ರೆ ಎಲ್ಲವೂ ದಾರಿ ಬಿಡ್ತವೆ. ಅವಳನ್ನಾದ್ರೆ ಇದು ನೋಡುತ್ತೆ.”

ಮುದುಕಿ ಎಂದರೆ ಲಾಯದ ಹಿರಿಯ ಹೆಣ್ಣು ಕುದುರೆ.

“ನನ್ನ ಭುಜ ಎರಡು ಸಲ ಕಚ್ಚಿದ್ದಾಳೆ. ಅವಳೇನು ಪಾಠ ಹೇಳ್ತಾಳೆ? ಅತ್ತಿಗೆ, ನೀವು ಬಕೆಟ್ ತೊಳೀರಿ.”

ಹತ್ತೂವರೆಯಾಯಿತು. ಅವಳು ಮತ್ತೊಮ್ಮೆ ಹೇಳಿದಳು. ಅವನು ಏಳನೇ ಸಲ ಸಾಧುವನ್ನು ಹತ್ತಿಸಿದ.

ಅವಳು ಲಾರಿಯ ಮುಂದಕ್ಕೆ ಹೋದಳು. ದಪ್ಪ ಮೀಸೆಯ ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದ. ಹೋದ ತಿಂಗಳವರೆಗೆ ಮೇಜು, ಮಂಚ ಸಾಗಿಸುತ್ತಿದ್ದವನು.

“ಅಣ್ಣಾ, ನಾನು ಹೇಳೋದನ್ನ ನಿಮ್ಮ ಮಾತು ಅನ್ನೋ ಹಾಗೆ ಅವನಿಗೆ ಹೇಳ್ತೀರಾ?”

ಡ್ರೈವರ್ ಕೇಳಿಸಿಕೊಂಡು, ಹಿಂದೆ ಬಂದು ಗಂಟಲು ಸರಿಮಾಡಿಕೊಂಡ. “ಸಾರ್, ನಮ್ಮ ಅನುಭವದಲ್ಲಿ ಗುಂಪಿನ ಯಜಮಾನಿ ಹತ್ತಿದ್ರೆ ಉಳಿದವೂ ಹತ್ತುತ್ವೆ. ಅಂಥದ್ದು ಯಾವುದಾದ್ರೂ ಇದ್ಯಾ?”

ತರಬೇತುದಾರ ಗಲ್ಲ ಕೆರೆದುಕೊಂಡ. “ಇದೆ. ಅತ್ತಿಗೆ, ಮುದುಕೀನ ಬಿಚ್ಚಿ.”

ಮುದುಕಿ ಸಾಧುವಿಗೆ ಹಲ್ಲು ತೋರಿಸಿ ಪಕ್ಕಕ್ಕೆ ಓಡಿಸಿತು. ಒಳಗಿನ ಹುಲ್ಲು ಕಂಡು ದಡದಡ ಹತ್ತಿತು. ಕಂದು ಕುದುರೆಯ ಎರಡೂ ಕಿವಿ ಮುಂದಾದವು. ಮುದುಕಿಯನ್ನು ಇಳಿಸಿ ಮತ್ತೆ ಹತ್ತಿಸಿದರು. ಮೂರನೇ ಸಲ ಕಂದು ಕುದುರೆ ಹಲಗೆ ಮೂಸಿ, ನಡುಗುತ್ತಲೇ ಅದರ ಬಾಲದ ಹಿಂದೆ ಹತ್ತಿತು.

ಹನ್ನೊಂದು ಗಂಟೆ ಹತ್ತು ನಿಮಿಷ.

“ನೋಡಿದ್ರಾ ಅತ್ತಿಗೆ, ಅನುಭವ ಇರೋರ ಮಾತು ಕೇಳ್ಬೇಕು.”

ಡ್ರೈವರ್ ಅವಳ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಯಾರ ಮಾತು ಅಂತ ಹೇಳಿಬಿಡ್ಲಾ?”

“ನಲವತ್ತು ನಿಮಿಷದ ದಾರಿ ಇದೆ. ಜಗಳಕ್ಕೆ ಹೊತ್ತಿಲ್ಲ,” ಎಂದು ಅವಳು ಲಾರಿಯ ಚಿಲಕ ಹಾಕಿದಳು. “ಗಾಡಿ ಬಿಡಿ.”