ಹಸಿರಾದ ಮೇಲೆ ನೀಲಿ

ಎಲ್ಲಿಂದ ಶುರು ಮಾಡಲಿ? ಟೋಪಿ ಹೆಣೆಯುವವರಿಗೆ ಈ ತಾಪತ್ರಯವಿಲ್ಲ. ಅಂಚಿನಿಂದ ಶುರು ಮಾಡಿ ನೆತ್ತಿಯಲ್ಲಿ ಮುಗಿಸುತ್ತಾರೆ. ನಾನು ನೆತ್ತಿಯಿಂದ ಶುರು ಮಾಡಿ ಆಗಲೇ ಒಂದು ಡ್ರಾಫ್ಟ್ ಹರಿದುಹಾಕಿದ್ದೇನೆ.

೧

ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಬ್ಬಳು ಟೋಪಿ ಹೆಣೆಯುತ್ತಿದ್ದಾಳೆ, ಗಂಡನ ಮೊದಲ ಮದುವೆಯ ಮಗಳಿಗೆ. ಹುಡುಗಿ ಈಕೆಯೊಡನೆ ನೇರ ಮಾತಾಡುವುದಿಲ್ಲ. ಊಟಕ್ಕೆ ಕೂತರೂ "ಅಪ್ಪಾ, ಇವ್ರಿಗೆ ಉಪ್ಪು ಕೊಡೋಕೆ ಹೇಳು." ಅಂಥವಳು ಅಂಗಡಿಯಲ್ಲಿ ಒಂದು ಉಂಡೆ ವುಲನ್ ಎತ್ತಿ ಅಪ್ಪನ ಕೈಗೆ ಕೊಟ್ಟು, "ಇದ್ರಲ್ಲಿ ಟೋಪಿ ಮಾಡೋಕೆ ಹೇಳು" ಅಂದಳು. ಈಕೆಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ವುಲನ್ನಿನ ಒಂದೇ ಎಳೆ ಕೆಂಪು, ಹಳದಿ, ಹಸಿರು, ನೀಲಿ ಎಂದು ಬಣ್ಣ ಬದಲಿಸುತ್ತ ಹೋಗುತ್ತದೆ. ಸುಮ್ಮನೆ ಹೆಣೆದರೆ ಸಾಕು, ಪಟ್ಟೆ ತಾನಾಗಿ ಮೂಡುತ್ತದೆ. (ಲೇಖಕರಿಗೂ ಇಂಥ ದಾರ ಸಿಗುವಂತಿದ್ದರೆ ನಾನು ಇಷ್ಟರಲ್ಲಿ ಒಂದೆರಡು ಪ್ರಶಸ್ತಿ ಹೊಡೆದಿರುತ್ತಿದ್ದೆ.)

೨

ಎಲ್ಲ ಸಲೀಸಾಗಿ ನಡೆದರೆ ಕಥೆ ಸಪ್ಪೆ. ಅದಕ್ಕೇ ಉಂಡೆಯೊಳಗೆ ಒಂದು ಗಂಟು ಇಟ್ಟೆ. ಕಾರ್ಖಾನೆಯಲ್ಲಿ ಎಳೆ ತುಂಡಾದಾಗ ಯಾರೋ ಬಣ್ಣ ನೋಡದೆ ಕಟ್ಟಿದ್ದು. ಹಸಿರಾದ ಮೇಲೆ ನೀಲಿ ಬರುವ ಬದಲು ಮತ್ತೆ ಕೆಂಪು ಬಂತು. ಪೇಷೆಂಟುಗಳ ಫೋನಿನ ಗಲಾಟೆಯಲ್ಲಿ ಅವಳು ಗಮನಿಸದೆ ನೆತ್ತಿಯವರೆಗೂ ಹೆಣೆದುಬಿಟ್ಟಳು.

"ಏನ್ರೀ ಇದು?" ಎಂದು ನನ್ನ ಮೇಲೆ ಹರಿಹಾಯ್ದಳು. "ನಿಮ್ಮ ಕಥೆಗೋಸ್ಕರ ನನ್ನ ಸಂಸಾರಕ್ಕೆ ಕಲ್ಲು ಹಾಕ್ತೀರಾ?"

"ಓದುಗರಿಗೆ ಸ್ವಲ್ಪ ಟೆನ್ಷನ್ ಬೇಕಮ್ಮ."

"ಬೇಕಿದ್ರೆ ಅವ್ರವ್ರ ಮನೇಲಿ ಇಟ್ಕೊಳ್ಲಿ."

೩

ಮುಕ್ತಾಯ ಒಂದು: ಹುಡುಗಿ ಟೋಪಿ ಹಾಕಿಕೊಂಡು "ಅಮ್ಮಾ" ಎನ್ನುತ್ತಾಳೆ.

"ಅವಳಿಗೆ ಅಮ್ಮ ಇದಾರೆ. ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ. ನಾನು ಅದಕ್ಕೆ ಆಸೆಪಟ್ಟಿಲ್ಲ, ತೆಗೀರಿ."

ತೆಗೆದೆ.

ಮುಕ್ತಾಯ ಎರಡು: ಹುಡುಗಿ ಟೋಪಿಯನ್ನು ಕಸದ ಬುಟ್ಟಿಗೆ ಎಸೆಯುತ್ತಾಳೆ. (ವಿಮರ್ಶಕರಿಗೆ ಇಂಥದ್ದೇ ಇಷ್ಟ.)

"ನೀವು ಅವಳನ್ನ ಸರಿಯಾಗಿ ನೋಡೇ ಇಲ್ಲ," ಅಂದಳು. ಅದೂ ನಿಜವೇ.

೪

ನಾನು ಬಾಯಿ ಮುಚ್ಚಿಕೊಂಡ ಮೇಲೆ ನಡೆದದ್ದು ಇಷ್ಟು. ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹುಡುಗಿ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೇಳಿಸಲು ಯಾರೂ ಇಲ್ಲದ್ದರಿಂದ ತಾನೇ ಹೇಳಿದಳು.

"ಇಲ್ಲಿ ತಪ್ಪಾಗಿದೆ. ನೀಲಿ ಬರ್ಬೇಕಿತ್ತು."

"ಹೌದಮ್ಮ. ಬಿಚ್ಚಲಾ?"

"ಬಿಚ್ಚಿ. ನಾನು ಸುತ್ಕೊಳ್ತೀನಿ."

ಸೋಫಾದ ಆ ಕಡೆ ಒಬ್ಬಳು ಎಳೆದಳು, ಈ ಕಡೆ ಒಬ್ಬಳು ಉಂಡೆ ಸುತ್ತಿದಳು. ಮತ್ತೆ ನೀಲಿ ಸಿಗುವವರೆಗೆ ದಾರ ಕತ್ತರಿಸಿ ತೆಗೆದರೆ ಟೋಪಿಗೆ ಸಾಲುವುದಿಲ್ಲ ಎಂದು ನಾನು ಎಚ್ಚರಿಸಿದೆ.

"ಗೊತ್ತು," ಎಂದು ಈಕೆ ನನಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು. "ಸಾಲದಿದ್ರೆ ಇಬ್ರೂ ಅಂಗಡಿಗೆ ಹೋಗ್ತೀವಿ."

ಗಂಟು ಹುಡುಗಿಯ ಬೆರಳ ನಡುವೆ ಹಾದುಹೋಯಿತು. ಈಕೆ ಎಳೆಯುವುದನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಸರಿಯಾಗಿದ್ದ ಹಸಿರೂ ಬಿಚ್ಚಿತು, ಹಳದಿಯೂ ಬಿಚ್ಚತೊಡಗಿತು. ಹುಡುಗಿಯೂ ಸಾಕು ಅನ್ನಲಿಲ್ಲ.

"ನಿಲ್ಸಿ, ನಿಲ್ಸಿ," ಅಂದೆ. "ನಾನು ಕಥೆ ಮುಗಿಸ್ಬೇಕು."

"ನೀವು ಹೊರಡಿ," ಎಂದು ಇನ್ನೊಂದು ಸುತ್ತು ಎಳೆದಳು.